ಕುರ್ರ್ ಅಂದರೂ ಏಳದ ಕೂಸು

ನಮ್ಮ ಕಡೆ ಕೂಸು ಅಳದೆ ಬಿದ್ದಿದ್ದರೆ ಸಾಕು, ಹೊಗಳುವವರಿಗೆ ಬರವಿಲ್ಲ. ನಮ್ಮ ಅಕ್ಕನ ಮಗನ ವಿಷಯದಲ್ಲಿ ದಿನಾ ಇದೇ ನಡೆಯಿತು. ಜನ ನಗುತ್ತಿದ್ದರು, ನಾನು ಹಲ್ಲು ಕಡಿಯುತ್ತಿದ್ದೆ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವನ ಮಾತು ಯಾರು ಕೇಳಬೇಕು?

೧. ಬೆನ್ನಿಗೆ ಎಣ್ಣೆ

ಸಂಪಗಾಂವದ ನಮ್ಮ ಮನೆಯಲ್ಲಿ ಕೂಸಿಗೆ ಹೆಸರಿಡುವ ದಿನ. ಅದರ ಸೋದರತ್ತೆ ಸವದತ್ತಿಯಿಂದ ಬಂದಿದ್ದಳು. ಆಕೆ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ 'ಕುರ್ರ್' ಅಂತ ಹೆಸರು ಕೂಗಬೇಕು. ಕೂಗುವಾಗ ಉಳಿದ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ಅದು ಪದ್ಧತಿ. ಆಕೆಯದೋ ಗುಡ್ಡದ ಮೇಲಿನ ಎಮ್ಮೆಯನ್ನು ಊರಿಗೆ ಕರೆಯುವ ಗಂಟಲು. ಗುದ್ದು ಬಿದ್ದಷ್ಟೂ ಕುರ್ರ್ ಏರಿತು. ಓಣಿಯ ನಾಯಿ ಓಡಿತು. ಜಂತಿಯ ಗುಬ್ಬಿಗಳು ಹಾರಿದವು. ಕೂಸಿನ ರೆಪ್ಪೆಯೂ ಅಲುಗಲಿಲ್ಲ.

"ಅತ್ತಿ, ಕೂಸಿಗೆ ಕೇಳಿಸಿಲ್ಲ ಅನಸ್ತೈತಿ," ಅಂದೆ.

"ನನ್ನ ಬೆನ್ನ ಮುರದೈತಿ, ಇಂವಗ ಕೂಸಿನ ಕಿವಿ ಚಿಂತಿ! ಯಾರಾರ ಎಣ್ಣಿ ತರ್ರಿ!"

ಎಣ್ಣೆ ಬಂತು. ಕಿವಿಯ ಮಾತು ಅಲ್ಲಿಗೇ ಮುಗಿಯಿತು.

೨. ತೊರಗಲ್ಲ ಮಾವ

ಕಾಗದದ ಚೀಲ ಊದಿ, ಜನರ ಬೆನ್ನ ಹಿಂದೆ ಢಬ್ ಅಂತ ಒಡೆಯುವುದು ನನ್ನ ಕಸುಬು. ಮಾಸ್ತರರೂ ಜಿಗಿದಿದ್ದಾರೆ. ಆರು ತಿಂಗಳ ಕೂಸಿನ ತಲೆಯ ಹಿಂದೆ ಹತ್ತು ಚೀಲ ಒಡೆದೆ. ಅದು ತನ್ನ ಕಾಲ್ಬೆರಳು ಚೀಪುತ್ತ ಮಲಗಿತ್ತು. ಹಾಗೇ ನಿದ್ದೆ ಹೋಯಿತು. ಹನ್ನೊಂದನೆಯ ಚೀಲ ಊದಲು ನನಗೆ ಮನಸ್ಸಾಗಲಿಲ್ಲ.

ಈ ವಯಸ್ಸಿಗೆ ಉಳಿದ ಕೂಸುಗಳು ಕರೆದರೆ ತಿರುಗುತ್ತವೆ, ಬಾ ಬಾ ಅನ್ನುತ್ತವೆ, ನಮ್ಮದು ಎರಡೂ ಇಲ್ಲ ಅಂದೆ. ಕೂಸನ್ನು ನೋಡಲು ಬಂದಿದ್ದ ಅಕ್ಕನ ಅತ್ತೆ ಅಂದಳು: "ನಮ್ಮ ತೊರಗಲ್ಲ ಮಾವ ಐದು ವರ್ಷಕ್ಕ ಮಾತಾಡಿದ. ನಮ್ಮ ಮನಿತನಾನ ಹಂಗ."

ಆ ಮಾವ ನನಗೆ ಗೊತ್ತು. ಐದನೇ ವರ್ಷ ತೆರೆದ ಬಾಯಿ ಇನ್ನೂ ಮುಚ್ಚಿಲ್ಲ.

ಸಿಟ್ಟು ನೆತ್ತಿಗೇರಿತು. "ಕೇಳದ ಕೂಸಿಗೆ ಮಾತು ಎಲ್ಲಿಂದ ಬರಬೇಕ?" ಅಂತ ಗಂಟಲು ಹರಿಯುವಂತೆ ಒದರಿದೆ.

ಮನೆಮಂದಿಯೆಲ್ಲ ನನ್ನ ಬಾಯಿ ಮುಚ್ಚಿದರು: "ಮೆಲ್ಲಕಲೇ, ಕೂಸು ಎದ್ದೀತು!"

೩. ಎದೆಗಾರ

ಮರುದಿನ ಅಕ್ಕ ಯಾರಿಗೂ ಹೇಳದೆ ಕೂಸನ್ನೆತ್ತಿಕೊಂಡು ದವಾಖಾನೆಗೆ ಹೊರಟಳು. ಜೊತೆಗೆ ನಾನು. ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಯಲ್ಲಿ ಕಬ್ಬು ಇಳಿಸಿ ಬೈಲಹೊಂಗಲಕ್ಕೆ ಹೊರಟ ಖಾಲಿ ಲಾರಿ ಸಿಕ್ಕಿತು. ಡ್ರೈವರ್ ದಾರಿಯುದ್ದಕ್ಕೂ ಹಾರ್ನಿನ ರಬ್ಬರ್ ಬುಡ್ಡೆ ಹಿಚುಕಿದ. ಕೂಸು ಗೊರಕೆ ಹೊಡೆಯಿತು.

"ಏನ ಎದಿಗಾರ ಕೂಸ ಐತೆವ್ವಾ! ಡ್ರೈವರ್ ಆಗ್ತೈತಿ ನೋಡ ಇದು!"

ಅಕ್ಕ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಆ ಬುಡ್ಡೆ ಕಿತ್ತು ಅವನ ಬಾಯಿಗೇ ತುರುಕುತ್ತಿದ್ದೆ. ಬ್ರೇಕ್ ಹಾಕುವವನು ಅವನೊಬ್ಬನೇ ಅಂತ ಬಿಟ್ಟೆ.

೪. ಜಿಗಿದವರು ಯಾರು?

ಬೈಲಹೊಂಗಲದ ದವಾಖಾನೆಯಲ್ಲಿ ಅವತ್ತು ಕೂಸುಗಳಿಗೆ ಲಸಿಕೆಯ ಸೂಜಿ ಹಾಕುವ ದಿನ. ಪಡಸಾಲೆ ತುಂಬ ತಾಯಂದಿರು. ಬೆಳಗಾವಿಯ ಕಿವಿ ಡಾಕ್ಟರರು ನೋಡಬೇಕೆಂದರೆ ಇಲ್ಲಿಯ ಡಾಕ್ಟರರ ಚೀಟಿ ಬೇಕಿತ್ತು.

ಡಾಕ್ಟರು ಕೂಸಿನ ಮುಖದ ಮುಂದೆ ಚಪ್ಪಾಳೆ ಹೊಡೆದರು. ಕೂಸು ಕಣ್ಣು ಮುಚ್ಚಿತು.

"ಕೇಳತೈತಿ. ಗಂಡುಹುಡುಗ್ರು ತಡಾ ಮಾತಾಡ್ತಾವ. ಮೂರು ವರ್ಷ ಆಗಲಿ, ಬರ್ರಿ."

"ಸಾಹೇಬ್ರ, ಕೈ ಕಂಡ್ರ ಯಾರಾದ್ರೂ ಕಣ್ಣ ಮುಚ್ಚತಾರ್ರಿ. ಹಿಂದಿಂದ ಹೊಡದ ನೋಡ್ರಿ."

"ಸಾಲಿ ಎಷ್ಟ ಕಲ್ತೀಯಲೇ? ಹೊರಗ ನಡಿ!"

ಹೊರಗೆ ನಡೆದೆ. ಅವರ ಕುರ್ಚಿಯ ಹಿಂದಿನ ಕಿಟಕಿಗೆ ಹೋದೆ. ಜೇಬಿನಲ್ಲಿ ಆ ಹನ್ನೊಂದನೆಯ ಚೀಲವಿತ್ತು.

ಢಬ್!

ಡಾಕ್ಟರು ಕುರ್ಚಿ ಬಿಟ್ಟು ಮೇಲೆದ್ದರು, ಪೆನ್ನಿನ ಶಾಯಿ ಅಂಗಿಯ ಮೇಲೆ. ಪಡಸಾಲೆಯ ಕೂಸುಗಳು ಒಮ್ಮೆಲೇ ಅಳಲು ಹತ್ತಿದವು. ನಮ್ಮದೋ ಡಾಕ್ಟರರ ಪೆನ್ನಿಗೆ ಕೈ ಚಾಚುತ್ತಿತ್ತು.

"ಯಾವನಲೇ ಅಂವ!"

ಅಕ್ಕ ಕೂಸನ್ನು ಎತ್ತಿ ಹಿಡಿದು ಅಂದಳು: "ನನ್ನ ತಮ್ಮರಿ. ನೀವು ಜಿಗದ್ರಿ. ಇದು ಜಿಗೀಲಿಲ್ಲ."

ಡಾಕ್ಟರು ಕೂಸನ್ನೇ ನೋಡಿದರು. ಬೆಳಗಾವಿಗೆ ಚೀಟಿ ಬರೆದರು. ಅಷ್ಟರಲ್ಲಿ ಕಂಪೌಂಡರ್ ಬಾಗಿಲಲ್ಲಿ ನಿಂತ: "ಸಾಹೇಬ್ರ, ಹೊರಗ ಇನ್ನೊಂದ ಕೂಸು ಅಳಲಿಲ್ಲರಿ."

ಕಿತ್ತೂರಿನಿಂದ ಬಂದ ತಾಯಿ. "ನಮ್ಮದು ಭಾಳ ಶಾಣ್ಯಾ ಐತ್ರಿ, ಹಠಾನ ಇಲ್ಲ," ಅಂತ ನಗುತ್ತ ಒಳಗೆ ಬಂದಳು.

ಡಾಕ್ಟರು ನಗಲಿಲ್ಲ. ಇನ್ನೊಂದು ಚೀಟಿ ತೆಗೆದರು. ನಾನು ಮೆಲ್ಲಗೆ ಜಾರುವಾಗ ಕಿಟಕಿಯಿಂದ ಕೂಗಿದರು: "ಏ, ಸೂಜಿ ಹಾಕೂ ದಿನಕ್ಕ ಚೀಲಾ ತಗೊಂಡ ತಪ್ಪದ ಬಾ! ಆದ್ರ ಮಗನ, ಒಡಿಯೂಕಿಂತ ಮೊದ್ಲ ನನಗ ಹೇಳು!"