ನಾಲ್ಕನೆಯ ಕ್ವಾರ್ಟರ್

ಹೆಣ್ಣು ಕೊಡುವವರು ಹುಡುಗನ ಜಾತಕ ನೋಡುತ್ತಾರೆ; ಅವನ ಕಂಪನಿಯ ಜಾತಕವನ್ನು ಯಾರೂ ನೋಡುವುದಿಲ್ಲ. ಈ ಆಕ್ಷೇಪಣೆ ನನ್ನಲ್ಲಿ ಬಹಳ ದಿನಗಳಿಂದ ಇತ್ತು. ೧೯೯೮ರಲ್ಲಿ ನಮ್ಮ ಮಗಳು ಪುಷ್ಪಳಿಗೆ ಗಂಡು ಗೊತ್ತಾದಾಗ ಆ ಕೊರತೆಯನ್ನು ನಾನೇ ನೀಗಿಸುವೆನೆಂದು ಪಣ ತೊಟ್ಟೆ.

ಹುಡುಗ ಅರವಿಂದ್, ಮೆಟ್ಟೂರಿನ ನಾರಪ್ಪನವರ ಮಗ. ಸೇಲಂನಲ್ಲಿ ಅಂಗಡಿ ಇಟ್ಟು, ಅಮೆರಿಕದ ಒಂದೇ ಕಂಪನಿಯ ಗ್ರಾಫಿಕ್ಸ್ ಚಿಪ್ಪುಗಳನ್ನು ಮಾರುತ್ತಿದ್ದ. (ಕಂಪ್ಯೂಟರಿನ ಹೊಟ್ಟೆಯಲ್ಲಿ ಕುಳಿತು ಪರದೆಯ ಮೇಲೆ ಚಿತ್ರ ಬಿಡಿಸುವ, ಉಗುರಿನಷ್ಟಗಲದ ಡ್ರಾಯಿಂಗ್ ಮೇಷ್ಟ್ರು ಎಂದು ತಿಳಿಯಿರಿ.) ಅವನ ತಾಯಿ ಅಂಜಮ್ಮ ಹೆಣ್ಣು ನೋಡಲು ಬಂದಾಗ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮನೇಲಿ ಯಾರಾನ ಕುಡೀತಾರಾ?" ಇಲ್ಲವೆಂದೆವು. ಎಲ್ಲರಿಗೂ ಒಪ್ಪಿಗೆಯಾಯಿತು. ಪುಷ್ಪಳಿಗಂತೂ ಮುಖವೆಲ್ಲ ಒಪ್ಪಿಗೆ.

"ಆ ಕಂಪನಿಗೆ ಎದುರಾಳಿ ಒಂದಿದೆ ಕಣೇ. ಅದು ಇದನ್ನು ನುಂಗಿಬಿಟ್ಟರೆ ಅಳಿಯ ಏನು ಮಾರುತ್ತಾನೆ?" ಎಂದು ಹೆಂಡತಿ ಮಂಜುಳಮ್ಮನನ್ನು ಕೇಳಿದೆ.

"ನುಂಗಿದ್ರೆ ನುಂಗಿದ್ದನ್ನ ಮಾರ್ತಾನೆ. ನೀವು ಸುಮ್ನೆ ಕುಂತ್ಕಳಿ," ಎಂದಳು.

ಸುಮ್ಮನೆ ಕೂರುವ ವಂಶ ನನ್ನದಲ್ಲ. ಹನ್ನೊಂದು ದಿನ ಧರ್ಮಪುರಿಯ ಗ್ರಂಥಾಲಯದಲ್ಲಿ ತಪಸ್ಸು ಮಾಡಿದೆ. ಅರವಿಂದನಿಂದ ಹಳೆಯ ಕಂಪ್ಯೂಟರ್ ಪತ್ರಿಕೆಗಳನ್ನು ತರಿಸಿದೆ. ಎರಡು ಕಂಪನಿಗಳ ಹೆಸರೂ ನನ್ನ ಹಲ್ಲಿಗೆ ಒಗ್ಗದ ಕಾರಣ, ಅವುಗಳ ಡಬ್ಬಿಯ ಬಣ್ಣ ನೋಡಿ ಅಳಿಯನ ಕಂಪನಿಗೆ ನೀಲಪ್ಪ, ಎದುರಾಳಿಗೆ ಕೆಂಪಣ್ಣ ಎಂದು ನಾಮಕರಣ ಮಾಡಿದೆ. ಮೂರು ಮೂರು ತಿಂಗಳಿನ ವ್ಯಾಪಾರವನ್ನು ಜೋಡಿಸಿ, ಡ್ರಾಯಿಂಗ್ ಹಾಳೆಯ ಮೇಲೆ ನೀಲಿ ಗೆರೆ, ಕೆಂಪು ಗೆರೆ ಎಳೆದೆ. ನೀಲಪ್ಪ ಗೆದ್ದಿದ್ದ!

ಈ ಸಂತೋಷವನ್ನು ಹಂಚಿಕೊಳ್ಳಲು ಗೆಳೆಯ ಪೊನ್ನುಸ್ವಾಮಿಯನ್ನು ಜಗುಲಿಗೆ ಕರೆದೆ. ಅವನು ನಿವೃತ್ತ ಡ್ರಿಲ್ ಮೇಷ್ಟ್ರು, ಕಿವಿ ಮಂದ. ಆದ್ದರಿಂದ ನನ್ನ ವಿವರಣೆ ಮೂರು ಬೀದಿಗೆ ಕೇಳುವಂತಿತ್ತು.

"ಮೊದಲನೆಯ ತ್ರೈಮಾಸಿಕದಲ್ಲಿ..." ಎಂದು ಶುರುಮಾಡಿದೆ.

"ಮಾಸಿಕನಾ? ಯಾರ್ದು ತಿಥಿ?"

"ತಿಥಿ ಅಲ್ಲವೋ! ಮೂರು ತಿಂಗಳು!"

"ಮೂರು ತಿಂಗಳಿಗೊಂದು ತಿಥಿನಾ? ಅರ್ತವಾಗೋ ಅಂಗೆ ಇಂಗ್ಲೀಷ್ನಾಗೆ ಏಳ್ಲಾ!"

ಮೂವತ್ನಾಲ್ಕು ವರ್ಷ ಶುದ್ಧ ಕನ್ನಡಕ್ಕಾಗಿ ಮಕ್ಕಳ ಕಿವಿ ಹಿಂಡಿದ ನಾನು ಅಂದು ಸೋತೆ. "ಕ್ವಾರ್ಟರ್!" ಎಂದು ಕಿರುಚಿದೆ. "ಕೆಂಪಣ್ಣ ಮೂರನೇ ಕ್ವಾರ್ಟರಿಗೇ ಬಿದ್ದುಬಿಟ್ಟ! ನಮ್ಮ ನೀಲಪ್ಪ ನಾಲ್ಕನೇ ಕ್ವಾರ್ಟರ್ ಮುಗಿದರೂ ನೆಟ್ಟಗೆ ನಿಂತಿದ್ದಾನೆ! ಎಲ್ಲಾ ಚಿಪ್ಸ್ ಮಹಿಮೆ! ನಾನು ಹನ್ನೊಂದು ದಿನದಿಂದ ಕ್ವಾರ್ಟರ್ ಮೇಲೆ ಕ್ವಾರ್ಟರ್, ಇದರಲ್ಲೇ ಮುಳುಗಿದ್ದೇನೆ. ತಲೆ ಗಿರ್ರೆನ್ನುತ್ತಿದೆ!"

ನಮ್ಮ ಜಿಲ್ಲೆಯಲ್ಲಿ ಕ್ವಾರ್ಟರ್ ಎಂದರೆ ಬ್ರಾಂದಿ ಅಂಗಡಿಯ ಕಾಲು ಸೀಸೆ. ಬೇರೆ ಅರ್ಥವಿಲ್ಲ. ಅದು ನೆನಪಾದದ್ದು, ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಬಂದ ನಾರಪ್ಪ, ಅಂಜಮ್ಮ ಇಬ್ಬರೂ ಗೇಟಿನ ಹೊರಗೆ ಹೂವು ಹಣ್ಣಿನ ತಟ್ಟೆ ಹಿಡಿದು ನಿಂತಿರುವುದನ್ನು ಕಂಡ ಮೇಲೆ.

"ಬರ್ರೀ, ಬಸ್ ಸಿಕ್ಕತ್ತೆ," ಎಂದು ಅಂಜಮ್ಮ ಗಂಡನಿಗೆ ಹೇಳಿ, ತಟ್ಟೆಯ ಸಮೇತ ತಿರುಗಿದರು.

ಪುಷ್ಪ ಕೋಣೆಯ ಬಾಗಿಲು ಹಾಕಿಕೊಂಡಳು. ಮಂಜುಳಮ್ಮ ನನ್ನ ನೀಲಿ ಗೆರೆ, ಕೆಂಪು ಗೆರೆಯ ಹಾಳೆಯನ್ನು ಒಲೆಗೆ ಹಾಕಿ, "ನಡೀರಿ ಮೆಟ್ಟೂರಿಗೆ. ಒಪ್ಸಿ ಬರ್ಬೇಕು, ಇಲ್ದಿದ್ರೆ ಅಲ್ಲೇ ಅಣೆಕಟ್ಟೇಲಿ ಬೀಳಾನ," ಎಂದಳು. ಒಪ್ಪಿಸದೆ ಹಿಂದಿರುಗಬಾರದೆಂದು ನಾನೂ ನಿಶ್ಚಯಿಸಿದೆ.

ಅವರ ಮನೆಯಲ್ಲಿ ನಾನು ಕೈಮುಗಿದು ಹೇಳಿದೆ: "ಅಮ್ಮಾ, ಅದು ಆ ಕ್ವಾರ್ಟರ್ ಅಲ್ಲ, ಕಂಪನಿ ಕ್ವಾರ್ಟರ್."

"ಕಂಪ್ನಿದೇ ಇರತ್ತೆ. ಮೇಷ್ಟ್ರು ಕಳ್ಬಟ್ಟಿ ಸಾರಾಯಿ ಕುಡೀತಾರೆ ಅಂದ್ನಾ ನಾನು?"

"ಕೆಂಪಣ್ಣ, ನೀಲಪ್ಪ ಮನುಷ್ಯರೇ ಅಲ್ಲಮ್ಮ!"

"ಕುಡುದ್ ಮೇಲೆ ಯಾರು ಮನುಷ್ಯರಾಗಿರ್ತಾರೆ?"

ಅರವಿಂದ್ ಧೈರ್ಯ ಮಾಡಿ, "ಅಮ್ಮಾ, ಮಾವ ಏಳಿದ್ದು ನಿಜ. ನಮ್ ಅಂಗ್ಡೀಲೂ ಕ್ವಾರ್ಟರ್ ಲೆಕ್ಕಾನೇ..." ಎಂದ.

"ಅಯ್ಯೋ ಮುರುಗಾ! ನೀನೂ ಸುರು ಮಾಡ್ಕಂಡಿಯಾ?" ಎಂದು ತಾಯಿ ಎದೆ ಬಡಿದುಕೊಂಡರು. ಅರವಿಂದ್ ನನ್ನನ್ನೇ ನೋಡಿದ. ಆ ನೋಟದಲ್ಲಿ ನಮ್ಮ ಪುಷ್ಪಳೂ ಕಂಡಳು.

ಕೊನೆಗೆ ನಾರಪ್ಪನವರು ತಟ್ಟೆಯಲ್ಲಿ ಕರ್ಪೂರ ಹಚ್ಚಿ ತಂದರು. "ಓಗ್ಲಿ ಬುಡಿ ಸಂಬಂದಿ, ಆಗಿದ್ದಾಯ್ತು. ಸತ್ಯ ಮಾಡ್ಬುಡಿ."

"ನಾನು ಎಂದೂ ಕುಡಿದಿಲ್ಲ ಎಂದು ಸತ್ಯ ಮಾಡುತ್ತೇನೆ," ಎಂದೆ.

"ಅದು ಬ್ಯಾಡ. ಇನ್ಮೇಲೆ ಕುಡಿಯಲ್ಲ ಅನ್ನಿ," ಎಂದರು ಅಂಜಮ್ಮ.

ನಾನು ಭೂತಕಾಲ ಹಿಡಿದು ನಿಂತೆ. ಅವರು ಭವಿಷ್ಯತ್ಕಾಲ ಬಿಡಲಿಲ್ಲ. ಮಂಜುಳಮ್ಮ ಪಕ್ಕೆ ತಿವಿದಳು. ಕರ್ಪೂರ ಆರುವ ಮೊದಲು, "ಇನ್ನು ಮೇಲೆ ಕುಡಿಯುವುದಿಲ್ಲ," ಎಂದು ಕೈಯಿಟ್ಟೆ. "ಇನ್ನು ಮೇಲೆ" ಎಂಬ ಎರಡು ಪದಗಳು ನನ್ನ ಐವತ್ತೊಂಬತ್ತು ವರ್ಷದ ಒಣ ಬಾಳನ್ನು ಒಂದೇ ಗಳಿಗೆಯಲ್ಲಿ ತೋಯಿಸಿಬಿಟ್ಟವು.

ಮದುವೆಯಾಯಿತು. ಮಕ್ಕಳು ಸುಖವಾಗಿದ್ದಾರೆ.

ಮೊನ್ನೆ ಪೆನ್ನಾಗರದ ಪಾನನಿರೋಧ ಸಂಘದವರಿಂದ ಕಾಗದ ಬಂದಿದೆ. ನಾನು ಮುಖ್ಯ ಭಾಷಣಕಾರ. ವಿಷಯ: 'ನಾಲ್ಕನೆಯ ಕ್ವಾರ್ಟರಿನಿಂದ ನಾನು ಮೇಲೆದ್ದ ಬಗೆ.' ಹೋಗುವುದಿಲ್ಲವೆಂದು ಖಂಡಿತವಾಗಿ ಹೇಳಿದೆ.

"ಓಗ್ದೆ ಇದ್ರೆ ಮತ್ತೆ ಸುರು ಮಾಡ್ಕಂಡ್ರು ಅಂತಾರೆ," ಎಂದಳು ಮಂಜುಳಮ್ಮ, ನನ್ನ ಪಂಚೆಗೆ ಇಸ್ತ್ರಿ ಹಾಕುತ್ತಾ. "ಅಂಜಮ್ಮ ಮುಂದ್ಗಡೆ ಸಾಲ್ನಾಗೇ ಕುಂತ್ಕಂತಾರಂತೆ. ಮಾತಾಡ್ತಾ ಒಸಿ ಅತ್ಬುಡಿ."