ಬಾಳಪ್ಪನ ಬೆನ್ನಿನ ಮಣ್ಣು

ಎರಡು ಕಣ್ಣು ನೆಟ್ಟಗಿದ್ದರೆ ನ್ಯಾಯ ಹೇಳುವುದು ಮಹಾ ಕೆಲಸವಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನನ್ನ ಕಣ್ಣುಗಳು ನೆಟ್ಟಗಿರಲಿಲ್ಲ, ಅದಕ್ಕೆಂದೇ ಕನ್ನಡಕ ಹಾಕುತ್ತಿದ್ದೆ. ಕನ್ನಡಕ ಹಾಕಿದವನು ಉಳಿದವರಿಗಿಂತ ಹೆಚ್ಚು ನ್ಯಾಯವಂತ ಎಂಬ ಭಾವನೆ ಊರಿನಲ್ಲಿಯೂ ಇತ್ತು, ನನ್ನಲ್ಲಿಯೂ ಇತ್ತು.

ಆಗಿನ್ನೂ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಹುಕ್ಕೇರಿಯವನಾದ ನಾನು ಕುಲಗೋಡದಲ್ಲಿ ಮಾಸ್ತರನಾಗಿದ್ದೆ. ಪ್ರತಿವರ್ಷ ನಾಗರ ಪಂಚಮಿಯ ಮರುದಿನ ಅಲ್ಲಿ ಕುಸ್ತಿ ನಡೆಯುತ್ತಿತ್ತು. ಕುಲಗೋಡದ ಗರಡಿಯ ಹುಡುಗರು ಒಂದು ಕಡೆ, ನಾಗನೂರಿನ ಗರಡಿಯ ಹುಡುಗರು ಇನ್ನೊಂದು ಕಡೆ. ಯಾರೂ ಹೊಟ್ಟೆಪಾಡಿಗಾಗಿ ಹಿಡಿಯುವವರಲ್ಲ. ಬೆಳಗ್ಗೆ ಕಬ್ಬಿಗೆ ನೀರು ಹಾಯಿಸಿ, ಎಮ್ಮೆ ಕರೆದು, ಮಧ್ಯಾಹ್ನ ಕಣಕ್ಕೆ ಇಳಿಯುವ ಮಂದಿ. ಆದರೆ ಸೋತರೆ ಮುಂದಿನ ಪಂಚಮಿಯವರೆಗೆ ಸಂತೆಯಲ್ಲಿ ತಲೆ ಎತ್ತುವಂತಿರಲಿಲ್ಲ.

ಆ ವರ್ಷ ನಮ್ಮೂರ ಗೌಡರೂ ಗರಡಿಯ ಉಸ್ತಾದರೂ ಕೂಡಿ ನಮ್ಮ ಮನೆಗೆ ಬಂದರು. ಕುಸ್ತಿಯಲ್ಲಿ ಸೋಲುಗೆಲುವು ಹೇಳುವವನಿಗೆ ನಮ್ಮ ಕಡೆ ಪಂಚ ಎನ್ನುತ್ತಾರೆ. ಹಿಂದಿನ ವರ್ಷದ ಪಂಚ ಕುಲಗೋಡದವರು, ಅವರ ಬೀಗರು ನಾಗನೂರಿನವರು. ತೀರ್ಪು ಹೇಳಿದಂದಿನಿಂದ ಅವರಿಗೆ ಬೀಗರ ಮನೆಯಲ್ಲಿ ಊಟವಿಲ್ಲ, ಸ್ವಂತ ಮನೆಯಲ್ಲಿ ಮಾತಿಲ್ಲ.

"ಮಾಸ್ತರ, ಈ ಸಲ ನೀವ ಪಂಚ ಆಗಬೇಕ್ರಿ," ಎಂದರು ಗೌಡರು. "ನೀವು ಹುಕ್ಕೇರಿಯವರು. ನಿಮಗ ನಮ್ಮ ಮ್ಯಾಲೂ ಪ್ರೀತಿ ಇಲ್ಲ, ಅವರ ಮ್ಯಾಲೂ ಪ್ರೀತಿ ಇಲ್ಲ."

ಇದನ್ನು ನಾನು ಹೊಗಳಿಕೆ ಎಂದು ತಿಳಿದೆ. ಒಳಗೆ ಶೇಂಗಾದ ಉಂಡಿ ಕಟ್ಟುತ್ತಿದ್ದ ನನ್ನ ಹೆಂಡತಿ ಶಾಂತವ್ವ ಮಾತ್ರ, ಅವರು ಹೋಗುವುದನ್ನೇ ಕಾದು ಹೊರಗೆ ಬಂದಳು.

"ಮೊನ್ನಿ ಅಂಗಳದಾಗ ಎರಡು ಹುಂಜ ಜಗಳಾಡಿದಾಗ ನೀವು ಕಟ್ಟಿ ಇಳಿಲಿಲ್ಲ. ಈಗ ಪೈಲ್ವಾನರ ನಡು ನಿಂದರಾವ್ರೇನು?"

"ಹುಂಜಕ್ಕ ಕಾಯ್ದೆ ಇಲ್ಲ. ಕುಸ್ತಿಗೆ ಐತಿ," ಎಂದೆ.

ಕಾಯ್ದೆಯನ್ನು ಉಸ್ತಾದರು ಮರುದಿನ ನನಗೆ ಕಣದ ಬಳಿಯೇ ಹೇಳಿಕೊಟ್ಟರು. ನಮ್ಮದು ಎರೆಭೂಮಿ. ಕಣಕ್ಕೆಂದು ಗೋಕಾಕದ ಗುಡ್ಡದ ಕಡೆಯಿಂದ ಚಕ್ಕಡಿಯಲ್ಲಿ ಕೆಂಪು ಮಣ್ಣು ತರಿಸಿ, ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ್ದರು. ಆ ಮಣ್ಣು ಮೈಗೆ ಹತ್ತಿದರೆ ಸುಲಭಕ್ಕೆ ಬಿಡುವಂಥದಲ್ಲ. "ನೋಡ್ರಿ ಮಾಸ್ತರ," ಎಂದರು ಉಸ್ತಾದರು. "ಎರಡೂ ಹೆಗಲು ನೆಲಕ್ಕ ಹತ್ತಿದ್ರ ಚಿತ್. ಅಂವ ಸೋತಾಂಗ. ತಕರಾರು ಬಂದ್ರ ಬೆನ್ನು ನೋಡೂದು. ಎದುರಿನಾಂವ ಕೈ ಎಳದ ಗೆರಿ ಬ್ಯಾರೆ, ಮೆತ್ತಿದ ಮಣ್ಣು ಬ್ಯಾರೆ. ಕೈಗೆ ಮಣ್ಣು ಹಚ್ಚಬಹುದು, ತೋಳಿಗೆ ಹಚ್ಚಬಹುದು. ಬೆನ್ನಿಗೆ ಮಾತ್ರ ಯಾರೂ ಹಚ್ಚಬಾರದು. ಅದು ಸಾಕ್ಷಿ."

ನಾನು ತಲೆಯಲ್ಲಾಡಿಸಿದೆ. ನನ್ನ ತಲೆಯ ಗುಣ ಎಂದರೆ, ಅದು ಅಲ್ಲಾಡುವಾಗ ಕೇಳುವುದಿಲ್ಲ.

ಕುಸ್ತಿಯ ದಿನ ಬಿಳಿ ಧೋತರ, ಬಿಳಿ ಅಂಗಿ, ಕೊರಳಲ್ಲಿ ಶಾಲೆಯ ಕವಾಯತಿನ ಸೀಟಿ ಹಾಕಿಕೊಂಡು ಕಣಕ್ಕೆ ಇಳಿದೆ. ತಮಟೆಯಂಥ ಹಲಗೆಯನ್ನು ಬಾರಿಸತೊಡಗಿದರು. ಮೊದಲು ಸಣ್ಣ ಹುಡುಗರ ಕುಸ್ತಿಗಳು. ಗೆದ್ದವನಿಗೆ ಒಂದು ತೆಂಗಿನಕಾಯಿ. ನಾಗನೂರಿನವರೂ ನಮ್ಮ ಶಾಲೆಗೇ ಬರುತ್ತಿದ್ದು, ಇವರೆಲ್ಲ ನನ್ನ ವಿದ್ಯಾರ್ಥಿಗಳೇ ಆದ್ದರಿಂದ ನಾನು ದಿಟ್ಟಿಸಿ ನೋಡಿದರೆ ಸಾಕು, ಗೆಲ್ಲಬೇಕಾದವನೂ ಹೆದರಿ ತಾನೇ ಬೀಳುತ್ತಿದ್ದ. ನನ್ನ ತೀರ್ಪುಗಳಿಗೆ ಎರಡೂ ಕಡೆಯವರು ಹೌದೆಂದರು. ಒಬ್ಬ ಮುದುಕರಂತೂ, "ಇಂಥಾ ಪಂಚ ಗೋಕಾಕದಾಗೂ ಇಲ್ಲ," ಎಂದರು. ಈ ಮಾತು ನನ್ನ ಕಿವಿಗೆ ಬೀಳಬಾರದಿತ್ತು.

ಕೊನೆಯದು ದೊಡ್ಡ ಕುಸ್ತಿ. ಗೆದ್ದವನಿಗೆ ಜರಿಯಂಚಿನ ರುಮಾಲು, ಅದನ್ನು ಪಂಚನೇ ತಲೆಗೆ ಸುತ್ತಬೇಕು. ನಾಗನೂರಿನಿಂದ ಶಿವಲಿಂಗ ಎಂಬ ಒಕ್ಕಲಿಗರ ಹುಡುಗ. ನಮ್ಮ ಕಡೆಯಿಂದ ಕುರುಬರ ಬಾಳಪ್ಪ.

ಈ ಬಾಳಪ್ಪನ ಸಂಗತಿ ಹೇಳಲೇಬೇಕು. ಅವನ ತಂದೆ ತೀರಿಕೊಂಡ ಮೇಲೆ ಅಣ್ಣ ಲಕ್ಕಪ್ಪನೇ ಸಾಕಿದ. ಲಕ್ಕಪ್ಪ ಮಾತು ಕಡಿಮೆಯ ಮನುಷ್ಯ. ಆಡಿದ ಮಾತು ಹಿಂದೆ ತೆಗೆದುಕೊಂಡದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಪಂಚಮಿಗೆ ಮುಂಚೆ ಅವನು ತಮ್ಮನಿಗೆ ಹೇಳಿದ್ದ: "ಈ ಸಲ ನಿನ್ನ ಬೆನ್ನಿಗೆ ಮಣ್ಣು ಹತ್ತಲಿಲ್ಲಂದ್ರ ಗರಡ್ಯಾಗ ಇರು. ಹತ್ತಿತಂದ್ರ ಕುರಿ ಹಿಂದ ಬಾ." ಮಳೆ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋದರೆ ಬೇಸಿಗೆಯವರೆಗೆ ಊರ ಮುಖ ಕಾಣುವಂತಿಲ್ಲ. ಗರಡಿ ತಪ್ಪಿದ ಮೈ ಮತ್ತೆ ಕಣಕ್ಕೆ ಬರುವುದಿಲ್ಲ. ಬಾಳಪ್ಪನಿಗೆ ಅದು ಗೊತ್ತಿತ್ತು. ಉಸ್ತಾದರಿಗೂ ಗೊತ್ತಿತ್ತು, ಅವರ ಕೈಯಲ್ಲಿ ತಯಾರಾದ ಹುಡುಗರಲ್ಲಿ ಇವನಂಥವನು ಇನ್ನೊಬ್ಬನಿರಲಿಲ್ಲ.

ನಾನು ಇಬ್ಬರ ಕೈ ಕೂಡಿಸಿ ಸೀಟಿ ಊದಿದೆ. ಹಲಗೆಯ ಪೆಟ್ಟು ಜೋರಾಯಿತು.

ಬಹಳ ಹೊತ್ತು ಯಾರೂ ಯಾರಿಗೂ ಜಗ್ಗಲಿಲ್ಲ. ಇಬ್ಬರೂ ನೂಕಾಡುತ್ತ ಹೋಗಿ ಅಂಚಿನಲ್ಲಿ ಕುಳಿತ ಮಂದಿಯ ತೊಡೆಯ ಮೇಲೆ ಬಿದ್ದರು. ಹಾಗಾದಾಗ ಅವರನ್ನು ಎಬ್ಬಿಸಿ, ನಡುವೆ ತಂದು, ಬೆವರಿದ ಅಂಗೈಗೆ ಮತ್ತೆ ಮಣ್ಣು ಕೊಡುವುದು ಪಂಚನ ಕೆಲಸ. ಬಗ್ಗಿ ಮಣ್ಣು ಬಾಚಿ ಇಬ್ಬರಿಗೂ ಕೊಟ್ಟೆ. ಬಾಳಪ್ಪನ ತುಟಿ ಒಣಗಿತ್ತು. ಅವನ ಕಣ್ಣು ಮಂದಿಯ ನಡುವೆ ಕಂಬಳಿ ಹೊದ್ದು ನಿಂತಿದ್ದ ಅಣ್ಣನ ಮೇಲೇ ಇತ್ತು. ಲೆಕ್ಕ ಬಾರದೆ ಅಳುವ ಮಕ್ಕಳನ್ನು ಕಂಡಾಗ ನನ್ನ ಕೈ ತಾನಾಗಿ ಏನು ಮಾಡುತ್ತದೋ ಅದನ್ನೇ ಅಲ್ಲಿಯೂ ಮಾಡಿತು.

"ಶಾಬಾಸ್. ಸಾವಕಾಶ ಆಡು," ಎಂದು ಅವನ ಬೆನ್ನು ತಟ್ಟಿದೆ. ಬಲ ಹೆಗಲಿಗೆ ಒಂದು, ಎಡ ಹೆಗಲಿಗೆ ಒಂದು. ಹೆಗಲುಗಳಲ್ಲಿ ಭೇದ ಎಣಿಸುವ ಮನುಷ್ಯ ನಾನಲ್ಲ.

ಮತ್ತೆ ಹಿಡಿದರು. ಬಾಳಪ್ಪ ಒಮ್ಮೆಲೇ ಶಿವಲಿಂಗನ ಕಾಲಿಗೆ ಕೈ ಹಾಕಿದ, ಇಬ್ಬರೂ ಧೊಪ್ಪನೆ ಬಿದ್ದರು, ಎದ್ದ ಮಣ್ಣೆಲ್ಲ ನನ್ನ ಕನ್ನಡಕಕ್ಕೆ ಬಡಿಯಿತು. ಲೋಕವೆಲ್ಲ ಕೆಂಪಾಯಿತು. ಮುಂದೆ ನಡೆದದ್ದನ್ನು ಕಣದ ಸುತ್ತಲಿನ ಎಲ್ಲರೂ ನೋಡಿದರು, ನೋಡುವುದಕ್ಕೆಂದೇ ನೇಮಕವಾದ ನನ್ನನ್ನು ಬಿಟ್ಟು.

ಕುಲಗೋಡದವರು "ನಾಗನೂರ ಚಿತ್" ಎಂದು ಎದ್ದರು. ನಾಗನೂರಿನವರು "ಕುಲಗೋಡ ಚಿತ್" ಎಂದು ಎದ್ದರು. ಹಲಗೆ ನಿಂತಿತು. ಕೆಲವರು ರುಮಾಲು ಬಿಚ್ಚಿ ಸೊಂಟಕ್ಕೆ ಸುತ್ತಿಕೊಳ್ಳತೊಡಗಿದರು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನನಗೂ ತಿಳಿಯಿತು.

"ಬೆನ್ನು ನೋಡೋಣು," ಎಂದೆ ಗಂಭೀರವಾಗಿ.

ಇಬ್ಬರೂ ಬೆನ್ನು ತಿರುಗಿಸಿ ನಿಂತರು. ಅಂಗಿಯ ಚುಂಗಿನಿಂದ ಕನ್ನಡಕ ಒರೆಸಿದೆ. ಅಂಗಿಯೂ ಮಣ್ಣಾಗಿದ್ದರಿಂದ ಕನ್ನಡಕ ಇನ್ನಷ್ಟು ಮಬ್ಬಾಯಿತು. ಶಿವಲಿಂಗನ ಬೆನ್ನಿನಲ್ಲಿ ಗೆರೆಗಳು ಮಾತ್ರ. ಬಾಳಪ್ಪನ ಎರಡೂ ಹೆಗಲ ಮೇಲೆ ಕೆಂಪಗೆ ಮೆತ್ತಿದ ಮಣ್ಣು. ಹುಡುಗನ ಬಗ್ಗೆ ಮರುಕವಾಯಿತು. ಆದರೆ ಮರುಕಕ್ಕೆ ನ್ಯಾಯದಲ್ಲಿ ಸ್ಥಾನವಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಪ್ರತ್ಯಕ್ಷ ಸಾಕ್ಷಿಯ ಮಹತ್ವದ ಬಗ್ಗೆ ಒಂದು ಚಿಕ್ಕ ಭಾಷಣವನ್ನೇ ಮಾಡಿದೆ. ಕೊನೆಗೆ, "ಸಾಕ್ಷಿ ಸುಳ್ಳು ಹೇಳೂದಿಲ್ಲ," ಎಂದು ಶಿವಲಿಂಗನ ಕೈ ಎತ್ತಿ, ರುಮಾಲನ್ನು ಅವನ ತಲೆಗೆ ಸುತ್ತಿದೆ.

ಬಾಳಪ್ಪ "ನಾ ಬಿದ್ದಿಲ್ಲ" ಎಂದು ಒಂದೇ ಸಲ, ಯಾರಿಗೂ ಅಲ್ಲದಂತೆ ಹೇಳಿ, ತಲೆ ಬಗ್ಗಿಸಿ ನಿಂತ. ಉಸ್ತಾದರು ಮುಖ ಆಚೆ ತಿರುಗಿಸಿಕೊಂಡರು.

ಆಗ ಲಕ್ಕಪ್ಪ ಕಣಕ್ಕೆ ಇಳಿದು ಬಂದ. ತಮ್ಮನನ್ನು ಕರೆದುಕೊಂಡು ಹೋಗಲು ಬಂದ ಎಂದು ಎಲ್ಲರೂ ತಿಳಿದೆವು. ಅವನು ತಮ್ಮನ ಹಿಂದೆ ನಿಂತು, ಕುರಿಯ ಮೈಮೇಲಿನ ಗುರುತು ನೋಡುವವನಂತೆ ಆ ಬೆನ್ನನ್ನು ಸಾವಕಾಶ ನೋಡಿದ.

"ಮಾಸ್ತರ," ಎಂದ. "ನೆಲಕ್ಕ ಬೆರಳ ಇರ್ತಾವೇನ್ರಿ?"

ಮಂದಿಯೆಲ್ಲ ಮುಂದೆ ಬಗ್ಗಿದರು. ಉಸ್ತಾದರು ಬಂದು ನೋಡಿದರು. ನಾನೂ ಮೂಗು ಹತ್ತುವಷ್ಟು ಹತ್ತಿರ ಹೋಗಿ ನೋಡಿದೆ. ಎರಡೂ ಹೆಗಲ ಮೇಲೆ ಒಂದೊಂದು ಅಂಗೈ, ಬೆರಳು ಬೆರಳಾಗಿ ಅಚ್ಚೊತ್ತಿತ್ತು. ಎರಡರಲ್ಲಿಯೂ ಕಿರುಬೆರಳು ಸೊಟ್ಟಗಿತ್ತು. ಚಿಕ್ಕವನಿದ್ದಾಗ ಮರದಿಂದ ಬಿದ್ದು ನನ್ನ ಬಲಗೈಯ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಶಾಲೆಯ ಮಕ್ಕಳೆಲ್ಲ ಅದನ್ನು ಬಲ್ಲರು, ಮಕ್ಕಳಿಂದ ಊರೂ ಬಲ್ಲದು. ಆದರೂ ಉಸ್ತಾದರು ನನ್ನ ಬಲಗೈ ಹಿಡಿದು ಆ ಗುರುತಿನ ಮೇಲೆ ಇಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು.

ಆಮೇಲೆ ನಾಗನೂರಿನ ಶಿವಲಿಂಗ ತಲೆಯ ರುಮಾಲು ಬಿಚ್ಚಿದ.

"ನಾ ಇಂವನ ಬೆನ್ನಿಗೆ ಮಣ್ಣು ಹಚ್ಚಿಲ್ರಿ. ಹಚ್ಚಿದವ್ರಿಗೆ ಇದು ಸಲ್ಲಬೇಕು," ಎಂದು ಅದನ್ನು ತಂದು ನನ್ನ ತಲೆಗೇ ಸುತ್ತಿಬಿಟ್ಟ.

ಎರಡೂ ಊರಿನವರು ಕೂಡಿ ನಕ್ಕದ್ದು ಅದೇ ಮೊದಲು. ಸೊಂಟದ ರುಮಾಲುಗಳು ತಲೆಗೆ ಮರಳಿದವು. ನನ್ನ ತಲೆಯ ರುಮಾಲು ಮಾತ್ರ ಜಾರಿ ಕನ್ನಡಕದ ಮೇಲೆ ಕುಳಿತಿತು. ನನಗೆ ನಗು ಬರಲಿಲ್ಲ. ಲಕ್ಕಪ್ಪ ನಕ್ಕಿರಲಿಲ್ಲ, ಅವನು ಆಡಿದ ಮಾತು ಹಾಗೆಯೇ ಉಳಿದಿತ್ತು.

"ಲಕ್ಕಪ್ಪಾ, ತಪ್ಪು ನಂದು," ಎಂದೆ. "ಹುಡುಗನ ಗರಡಿ ಬಿಡಸಬ್ಯಾಡೋ."

ಅವನು ಮತ್ತೊಮ್ಮೆ ತಮ್ಮನ ಬೆನ್ನು ನೋಡಿದ. "ಮಣ್ಣು ಹತ್ತಬಾರದು ಅಂದಿದ್ದೆ. ಹತ್ತೇತಿ," ಎಂದ. ಬಾಳಪ್ಪ ಕಣ್ಣು ಮುಚ್ಚಿದ. "ಆದರ ಅದು ಕುಸ್ತಿ ಮಣ್ಣಲ್ಲ. ಸಾಲ್ಯಾಗಿನ ಶಾಬಾಸಕಿ. ಅದಕ್ಕ ಯಾರೂ ಸೋತಾಂಗ ಆಗೂದಿಲ್ಲ." ಕಂಬಳಿಯ ತುದಿಯಿಂದ ತಮ್ಮನ ಬೆನ್ನು ಒರೆಸಿದ. "ಇರ್ಲಿ, ಗರಡ್ಯಾಗ ಇರ್ಲಿ."

ನನ್ನ ಕಣ್ಣಲ್ಲಿ ನೀರು ಬಂತು. ರುಮಾಲು ಅಡ್ಡ ಇದ್ದುದರಿಂದ ಯಾರಿಗೂ ಕಾಣಲಿಲ್ಲ, ಅದೊಂದೇ ಅದರಿಂದಾದ ಉಪಕಾರ. ಕುಸ್ತಿಯನ್ನು ಬರಾಬರಿ ಎಂದು ಉಸ್ತಾದರೇ ಸಾರಿದರು. ನನ್ನನ್ನು ಯಾರೂ ಕೇಳಲಿಲ್ಲ. ಹಲಗೆಯವರು ನನ್ನನ್ನು ಮುಂದಿಟ್ಟುಕೊಂಡು ಮನೆಯವರೆಗೂ ಬಾರಿಸುತ್ತ ಬಂದರು.

ಶಾಂತವ್ವ ಬಾಗಿಲಲ್ಲಿ ನಿಂತು ನನ್ನ ರುಮಾಲು, ಕೆಂಪು ಧೋತರ, ಹಿಂದಿನ ಮೆರವಣಿಗೆ ಎಲ್ಲವನ್ನೂ ನೋಡಿ, ಸಂಗತಿಯನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಲ್ರಿ, ಇನ್ನೊಬ್ಬಾಂವನ ಬೆನ್ನಿಗೂ ಬಡದಿದ್ರ ಆಗಿಂದಾಗ ಬರಾಬರಿ ಆಗ್ತಿತ್ತಲ್ಲ," ಎಂದಳು. ಒಂದೇ ಮಾತಿನಲ್ಲಿ ಇಷ್ಟು ಚೊಕ್ಕ ನ್ಯಾಯ ಹೇಳುವವಳನ್ನು ಬಿಟ್ಟು ಗೌಡರು ನನ್ನನ್ನು ಕರೆದಿದ್ದರು.

ಬಾಳಪ್ಪ ಮುಂದೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲೆಡೆ ಕುಸ್ತಿ ಹಿಡಿದ. ಅವನ ಬೆನ್ನಿಗೆ ಮಣ್ಣು ಹಚ್ಚಿದ ಗಂಡಸು ಈ ಭಾಗದಲ್ಲಿ ಒಬ್ಬನೇ ಎಂದು ಜನ ನನ್ನನ್ನು ಪರಸ್ಥಳದವರಿಗೆ ತೋರಿಸುತ್ತಿದ್ದರು. ಅವರು ನನ್ನ ತೋಳು ನೋಡಿ ಸುಮ್ಮನಾಗುತ್ತಿದ್ದರು.

ಮರುವರ್ಷದ ಪಂಚಮಿಗೆ ನಾನು ಮಂದಿಯ ನಡುವೆ ಕುಳಿತಿದ್ದೆ. ಕಣಕ್ಕೆ ಇಳಿಯುವ ಮುಂಚೆ ಬಾಳಪ್ಪ ನೆಟ್ಟಗೆ ನನ್ನ ಬಳಿ ಬಂದ. "ಆಶೀರ್ವಾದ ಮಾಡ್ರಿ ಮಾಸ್ತರ," ಎಂದ. ಕೈ ಎತ್ತಿದೆ. ಅಷ್ಟರಲ್ಲಿ ಪಕ್ಕದಿಂದ ಉಸ್ತಾದರು ಒಂದು ತಂಬಿಗೆ ನೀರು ಚಾಚಿದರು.

"ಮೊದಲ ಕೈ ತೊಳಕೋರಿ," ಎಂದರು.

ಮೊಣಕೈವರೆಗೂ ತೊಳೆದುಕೊಂಡೆ. ಧೋತರಕ್ಕೆ ಒರೆಸಿಕೊಂಡು ಎರಡೂ ಅಂಗೈ ಎಲ್ಲರಿಗೂ ತೋರಿಸಿದೆ. ಬಾಳಪ್ಪ ಭಕ್ತಿಯಿಂದ ತಲೆ ಬಗ್ಗಿಸಿ ಆಶೀರ್ವಾದ ತೆಗೆದುಕೊಂಡ. ಆಮೇಲೆ, ನನ್ನ ಕಡೆಗೆ ಬೆನ್ನು ಮಾಡದೆ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಕಣಕ್ಕೆ ಇಳಿದ. ಗುರುಭಕ್ತಿ ಎಂದು ಹೊಸಬರು ಮೆಚ್ಚಿಕೊಂಡರು.