ಟಗರಿನ ಪಾಲಾದ ನನ್ನ ಪಥ್ಯ

ಆನೆಗೆ ಹೆದರಿದೆನೆಂದರೆ ನಮ್ಮ ಕಡೆ ಯಾರೂ ನಗುವುದಿಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬಂದವರೆಲ್ಲ ಹೆದರಿದವರೇ. ಆದರೆ ಡಿಗ್ರಿ ಓದಿದ ನಾನು ಹೆದರಿದ್ದು ಟಗರಿಗೆ, ಅದೂ ಬಸ್ಸಿನೊಳಗೆ. ಈಗಲೂ ಎಲ್ಲಾದರೂ ‘ಬ್ಯಾ’ ಎಂದು ಕೇಳಿಸಿದರೆ ನನ್ನ ಎರಡೂ ಕೈ ತಾವಾಗಿಯೇ ಹೊಟ್ಟೆಯ ಮೇಲೆ ಬಂದು ಕೂರುತ್ತವೆ.

ಇದಕ್ಕೆಲ್ಲ ಮೂಲ ಚಾಮರಾಜನಗರದ ನಮ್ಮ ಡಾಕ್ಟರು. ರಕ್ತಪರೀಕ್ಷೆಯ ಫಲಿತಾಂಶ ನೋಡಿ, “ಕೊಲೆಸ್ಟ್ರಾಲ್ ಜಾಸ್ತಿಯಾಗಿದೆ. ಮಟನ್ ನಿಲ್ಲಿಸಿ, ಸೊಪ್ಪು ತರಕಾರಿ ತಿನ್ನಿ” ಎಂದರು. ಸೊಪ್ಪಿನ ನಾರು ಕೊಲೆಸ್ಟ್ರಾಲನ್ನು ಹಿಡಿದು ಹೊರಗೆ ಸಾಗಹಾಕುತ್ತದಂತೆ. ಬಣ್ಣಬಣ್ಣದ ತರಕಾರಿಯಲ್ಲಿ ಆ್ಯಂಟಿಆಕ್ಸಿಡೆಂಟ್ ಎಂಬುದಿದ್ದು, ಒಳಗೆಲ್ಲ ತುಕ್ಕು ಹಿಡಿಯದಂತೆ ಕಾಯುತ್ತದಂತೆ. ನಾನೇನು ತಗಡಿನ ಡಬ್ಬವೇ ಎಂದುಕೊಂಡರೂ ಹೂಂಗುಟ್ಟಿ ಬಂದೆ. ಹೆಂಡತಿ ಸರೋಜ ಅಂದಿನಿಂದಲೇ ಮಸಾಲೆ ರುಬ್ಬುವುದನ್ನು ಬಿಟ್ಟಳು. “ಮುಂದಿನ ತಿಂಗ್ಳು ಮತ್ತೆ ರಕ್ತ ಕೊಡ್ಬೇಕು. ಅಲ್ಲೀವರೆಗೂ ಬಾಡಿನ ಮಾತೆತ್ತಿದ್ರೆ ನೋಡಿ!” ನಾನು ಮಾತೆತ್ತಲಿಲ್ಲ. ಕನಸಿನಲ್ಲಿ ಮಾತ್ರ ಮಜ್ಜೆ ತುಂಬಿದ ನಲ್ಲಿಮೂಳೆ ಬರುತ್ತಿತ್ತು.

ನನ್ನ ಕೆಲಸ ಗುಂಡ್ಲುಪೇಟೆಯಲ್ಲಿ. ಸಂಜೆ ಅಲ್ಲಿಯೇ ಕೀರೆಸೊಪ್ಪು, ಮೂಲಂಗಿ, ಕ್ಯಾರೆಟ್ಟು ಕೊಂಡು ಊರಿನ ಬಸ್ಸು ಹಿಡಿಯುತ್ತಿದ್ದೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದರೆ ಆ ಸೀಟು ಎಸೆದವನದು. ನಮ್ಮಲ್ಲಿ ಈ ಕಾನೂನನ್ನು ದೊಡ್ಡ ಸಾಹೇಬರೂ ಮೀರುವಂತಿಲ್ಲ. ಒಂದು ಸಂಜೆ ಟವೆಲ್ಲು ಮರೆತಿದ್ದೆ, ತರಕಾರಿ ಚೀಲವನ್ನೇ ಎಸೆದೆ. ಜನರ ನಡುವೆ ನುಸುಳಿ ಒಳಗೆ ಹೋಗುವಷ್ಟರಲ್ಲಿ, ಬೇಗೂರಿನಲ್ಲಿ ಬಸ್ಸು ಹತ್ತಿದ್ದ ಟಗರೊಂದು ನನ್ನ ಪಥ್ಯದೊಳಗೆ ಕತ್ತಿನವರೆಗೂ ಮುಳುಗಿತ್ತು. ಚೀಲ ಹಿಡಿದೆಳೆದೆ. ಅದರ ಹಿಡಿ ಕೊಂಬಿಗೆ ಸಿಕ್ಕಿಕೊಂಡಿತ್ತು.

“ಯೋ ಸಾ, ಎಳೀಬ್ಯಾಡಿ! ಗುದ್ಬುಡ್ತದೆ!” ಎಂದು ಕೂಗಿದವನು ಟಗರಿನ ಯಜಮಾನ, ಹರವೆಯ ಮಾದಪ್ಪ.

ಬೇಡವೆಂದರೆ ಓದಿದವರು ಇನ್ನೊಮ್ಮೆ ಎಳೆಯುತ್ತಾರೆ. ಟಗರು ಎರಡು ಹೆಜ್ಜೆ ಹಿಂದೆ ಸರಿಯಿತು. ಸೋತಿತು ಎಂದುಕೊಂಡೆ. ಟಗರು ಏಕೆ ಹಿಂದೆ ಸರಿಯುತ್ತದೆಂದು ಆ ಬಸ್ಸಿನಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಕಣ್ಣು ಬಿಟ್ಟಾಗ ಕಂಡಕ್ಟರ್ ನನ್ನ ಮೇಲೆ ಬಾಗಿದ್ದ. “ಒಟ್ಟೆ ದಪ್ಪಗಿತ್ತು, ಬಚಾವಾದ್ರಿ ಸಾ. ನಂಗ್ ಬಿದ್ದಿದ್ರೆ ಹಿಂದ್ಲ ಬಸ್ಸಲ್ಲಿರ್ತಿದ್ದೆ.” ಯಾವ ಕೊಬ್ಬನ್ನು ಕರಗಿಸಲು ಸೊಪ್ಪು ಕೊಂಡಿದ್ದೆನೋ ಆ ಕೊಬ್ಬೇ ನನ್ನ ಜೀವ ಉಳಿಸಿತ್ತು. ಆ್ಯಂಟಿಆಕ್ಸಿಡೆಂಟುಗಳೆಲ್ಲ ಟಗರಿನ ಪಕ್ಷ ಸೇರಿದ್ದವು.

ಹೋದ ಮಾನವನ್ನು ವಾಪಸು ತರಲು, ಆ ಸೊಪ್ಪು ನನಗೆ ಎಷ್ಟು ಮುಖ್ಯವಾಗಿತ್ತೆಂದು ಇಡೀ ಬಸ್ಸಿಗೆ ಭಾಷಣ ಮಾಡಿದೆ. ಕೊಲೆಸ್ಟ್ರಾಲು, ನಾರು, ತುಕ್ಕು ಯಾವುದನ್ನೂ ಬಿಡಲಿಲ್ಲ. ಮಾದಪ್ಪ ಹರಿಕಥೆ ಕೇಳುವವನಂತೆ ಕೇಳಿ, ಇಳಿಯುವಾಗ ಕೈಮುಗಿದ. “ನಿಮ್ ಸೊಪ್ ತಿಂದ್ ಪಾಪ ನಂಗ್ಬ್ಯಾಡ ಸಾ. ಭಾನ್ವಾರ ಬೀಗರೂಟ, ಈ ನನ್ಮಗನ್ನೇ ಕುಯ್ಯದು. ಬಂದ್ಬುಡಿ. ಕಂಡಕ್ಟ್ರೇ, ನೀವೂವೆ.”

ಸೊಪ್ಪು ಟಗರಿನೊಳಗೆ ಹೋಗಿದೆ, ಟಗರು ನನ್ನೊಳಗೆ ಬಂದರೆ ಡಾಕ್ಟರ ಮಾತು ನಡೆಸಿದಂತೆಯೇ ಅಲ್ಲವೇ? ದಾರಿ ಸ್ವಲ್ಪ ಸುತ್ತು, ಅಷ್ಟೆ. ಸರೋಜಳಿಗೆ, “ಪಾಪ, ಕ್ಷಮೆ ಕೇಳಲು ಕರೆದಿದ್ದಾನೆ, ಹೋಗದಿದ್ದರೆ ನೊಂದುಕೊಳ್ಳುತ್ತಾನೆ” ಎಂದು ಹೇಳಿ ಭಾನುವಾರ ಹರವೆಗೆ ಹೊರಟೆ.

ಪಂಕ್ತಿಯಲ್ಲಿ ಮುದ್ದೆ ಬಿತ್ತು. ಬಾಡಿನ ಸಾರಿನ ಬಕೆಟ್ಟು ಘಮಘಮಿಸುತ್ತ ನನ್ನೆಲೆಯವರೆಗೆ ಬಂತು. ಸೌಟು ಮೇಲೆದ್ದಿತು.

“ತಡಿಯಲಾ! ಸಾಯೇಬ್ರಿಗೆ ಬುಡಬ್ಯಾಡ!” ಮಾದಪ್ಪ ಓಡಿಬಂದ. “ಅವ್ರಿಗೆ ಕೊಲೆಸ್ಟ್ರಾಲು ಕನ್ಲಾ! ನೀವೇಳಿದ್ದೆಲ್ಲ ನೆಪ್ಪಲ್ಲದೆ ಸಾ. ನಿಮಗೇ ಅಂತ ಕೀರೆಸೊಪ್ಪು ತರ್ಸಿ ಮಸ್ಸೊಪ್ಪು ಮಾಡ್ಸಿವ್ನಿ.” ತಾನೇ ಮುಂದೆ ಕುಳಿತು, ಸಾಕೆಂದರೂ ಬಿಡದೆ ಬಡಿಸಿದ.

ಎದುರು ಸಾಲಿನಲ್ಲಿ ಕಂಡಕ್ಟರ್ ನಲ್ಲಿಮೂಳೆಯೊಂದನ್ನು ಕಣ್ಣುಮುಚ್ಚಿ ಹೀರಿ, “ಸಾ, ನಿಮ್ ಸೊಪ್ಪು ಬಾಳ ಚೆನ್ನಾಗದೆ” ಎಂದ.

ನನ್ನ ಎಡಗೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಈ ಸಲ ಗುದ್ದಿದ್ದು ಟಗರಲ್ಲ, ನನ್ನದೇ ಭಾಷಣ.